ಸೋಸಿದ ಗಾಳಿ

ದಿನವೂ ನಾನು ರೊಟ್ಟಿ ಬಡಿಯುವ ಕಟ್ಟೆಯ ಮೇಲೆ ಹಳೆಯ ಮರಾಠಿ ಪೇಪರು ಹಾಸಿ, ಕಾರಿನ ಏರ್ ಫಿಲ್ಟರೊಂದನ್ನು ಒಣಗಲು ಇಟ್ಟಿದ್ದೆ. ಇಸ್ತ್ರಿ ಮಾಡಿದ ಸೀರೆಯ ನಿರಿಗೆಗಳಂತೆ ಸಾಲುಸಾಲು ಮಡಿಕೆಗಳಿದ್ದ ಆ ಕೆಂಪು ಅರಿವೆಯ ವಸ್ತುವನ್ನು ನೀವು ನೋಡಿದ್ದರೆ, ಯಾವುದೋ ಹಾರ್ಮೋನಿಯಂನ ತಿದಿ ಬಿಚ್ಚಿಟ್ಟಿದ್ದಾಳೆ ಎಂದುಕೊಳ್ಳುತ್ತಿದ್ದಿರಿ.

ಕಾರಿನೊಂದಿಗೆ ಬರುವುದು ಕಾಗದದ ಫಿಲ್ಟರು; ಕೊಳೆಯಾದರೆ ಎಸೆಯುವುದು. ಇದು ಬೇರೆಯಾಗಿ ಕೊಂಡದ್ದು, ತೊಳೆದು, ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸುವಂಥದು. ಗಾಡಿ ಇರುವವರೆಗೂ ಬಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನನ್ನ ಗಂಡ ಶ್ರೀಪಾದ ಹಾಸಿಗೆಯಲ್ಲಿ ಒರಗಿಕೊಂಡೇ ಮೊಬೈಲಿನಲ್ಲಿ ಅದನ್ನು ತರಿಸಿದ್ದರು. ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಅವರದು; ಮೂಗಿಗೆ ಆಕ್ಸಿಜನ್ ನಳಿಗೆ ಬಂದ ಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ. ಆದರೂ ದೀಪಾವಳಿಗೆ ತಾವೇ ಗಾಡಿ ಹೊಡೆದುಕೊಂಡು ಲೋಣಾವಳಾಕ್ಕೆ ಹೋಗುವುದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು.

ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಬೇರೆಯದನ್ನೇ ಹೇಳಿದ್ದರು. ಗಾಡಿಯ ಮಾತಿರಲಿ, ದೀಪಾವಳಿಯೇ ಅನುಮಾನ ಎಂದಿದ್ದರು. ಅದನ್ನು ನಾನು ಸೋಸಿದೆ. ಒಳಗೆ ಬಂದು, "ರೆಸ್ಟ್ ಮಾಡ್ರಿ ಅಂದಾರ, ಆರಾಮ ಆಗ್ತದ್ರಿ" ಎಂದಷ್ಟೇ ಹೇಳಿದೆ. ಹಿಟ್ಟು ಸಾಣಿಸುವವಳಿಗೆ ಸಾಣಿಗೆಯಲ್ಲಿ ಉಳಿದ ತವುಡನ್ನು ಎಲ್ಲಿ ಚೆಲ್ಲಬೇಕೆಂದು ಗೊತ್ತಿರುತ್ತದೆ. ನನ್ನಲ್ಲಿ ಉಳಿದದ್ದಕ್ಕೆ ಅಂಥ ಜಾಗವಿರಲಿಲ್ಲ.

ಫಿಲ್ಟರು ಬಂದ ದಿನ ಅವರು ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಸಿಕೊಂಡು, ಪಕ್ಕದಲ್ಲಿ ಪುಟ್ಟ ಸಿಲಿಂಡರ್ ಇಟ್ಟುಕೊಂಡು ಕೂತರು. ನಾನು ಬಾನೆಟ್ಟಿನೊಳಗೆ ತಲೆ ಹಾಕಿದ್ದನ್ನು ಕಂಡು ಮೇಲಿನ ಮನೆಯ ಜೋಶಿಯವರು, "ಕಾಯ್ ವಹಿನೀ, ಗ್ಯಾರೇಜ್ ಉಘಡಲಂ ಕಾ?" ಎಂದು, ಗ್ಯಾರೇಜು ತೆಗೆದಿರೇನು ಅತ್ತಿಗೆ ಎನ್ನುವಂತೆ, ತಮಾಷೆ ಮಾಡಿ ಹೋದರು. ಕ್ಲಿಪ್ಪು ಬಿಚ್ಚಿ ಹಳೆಯ ಫಿಲ್ಟರು ಎತ್ತಿದೆ. ಬೇವಿನ ಎಲೆ, ಸತ್ತ ನೊಣ, ಸ್ವಾರಗೇಟದಿಂದ ಖಡಕಿಯವರೆಗೆ ಈ ಊರಿನ ರಸ್ತೆಗಳ ಧೂಳೆಲ್ಲ ಅದರಲ್ಲಿ ಕಪ್ಪಗೆ ಕೂತಿತ್ತು.

"ನೋಡು, ಇದೆಲ್ಲಾ ಅದರ ಎದಿಗೆ ಹೋಗೋದಿತ್ತು," ಎಂದರು.

ಹೊಸದರ ಜೊತೆ ಎಣ್ಣೆಯ ಪುಟ್ಟ ಬಾಟಲಿಯೊಂದು ಬಂದಿತ್ತು. ನಮ್ಮ ಕಡೆಯ ಮನೆಗಳಲ್ಲಿ ಹೊಸ ಹಂಚಿಗೆ ಎಣ್ಣೆ ಸವರದೆ ಒಲೆಗೆ ಇಡುವುದಿಲ್ಲ, ಹಬ್ಬದ ದಿನ ಎಣ್ಣೆ ಒತ್ತದೆ ಯಾರ ತಲೆಗೂ ನೀರು ಹಾಕುವುದಿಲ್ಲ. ಎರಡನೆಯ ಯೋಚನೆಯಿಲ್ಲದೆ ಧಾರಾಳವಾಗಿ ಸುರಿದೆ.

"ಏ, ಏನ್ ಮಾಡಿದಿ? ಅದು ಎಣ್ಣಿ ಹಚಗೊಂಡೇ ಬಂದದ. ಆ ಬಾಟ್ಲಿ ಮುಂದ ತೊಳದಾಗ ಹಚ್ಚಲಿಕ್ಕ."

"ಹೊಸಾದು ಒಣಾ ಹೆಂಗ ಇಡೋದ್ರಿ?"

"ಹಂಗಾರ ಕುಂಕುಮಾ ಹಚ್ಚಿ ಆರತಿನೂ ಮಾಡಿಬಿಡು."

ಅವರು ನಕ್ಕರು. ಆ ನಗು ಕೆಮ್ಮಾಯಿತು. ಅಥವಾ ಮೊದಲಿನಿಂದಲೂ ಅದು ಕೆಮ್ಮೇ ಆಗಿತ್ತೋ ಏನೋ. ಇತಿಹಾಸ ಓದಿದವಳು ನಾನು, ಒಂದೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿತವಳು. ಮದುವೆಯಾದ ಹೊಸದರಲ್ಲಿ ಲೋಣಾವಳಾಕ್ಕೆ ಹೋದಾಗ ಘಾಟಿನ ತುಂಬ ಮಂಜಿತ್ತು ಎನ್ನುತ್ತೇನೆ ನಾನು. ಮಂಜಿರಲಿಲ್ಲ, ಗಾಜು ಒರೆಸುವ ವೈಪರ್ ಕೆಟ್ಟಿತ್ತು ಎನ್ನುತ್ತಾರೆ ಅವರು. ಇನ್ನು ಸ್ವಲ್ಪ ಕಾಲಕ್ಕೆ ಮಂಜಿರಲಿಲ್ಲ ಎನ್ನಲು ಯಾರೂ ಇರುವುದಿಲ್ಲ. ಆಗ ಮಂಜೇ ನಿಜವಾಗಿಬಿಡುತ್ತದೆ. ಅವರ ಉಸಿರು ಮರಳುವವರೆಗೆ ಬೆನ್ನು ಸವರುತ್ತ ನಿಂತಾಗ ನನ್ನನ್ನು ಹೆದರಿಸಿದ್ದು ಆ ವಿಚಾರ.

ಎಣ್ಣೆ ಹೆಚ್ಚಾದರೆ ಒಳಗೆ ಗಾಳಿ ಅಳೆಯುವ ಸೂಕ್ಷ್ಮ ತಂತಿಗೆ ಹತ್ತಿ ಎಂಜಿನ್ ತಬ್ಬಿಬ್ಬಾಗುತ್ತದಂತೆ. "ತೊಳದು ಒಣಗಸು," ಎಂದರು ಕೊನೆಗೆ. "ನೆರಳಾಗ ಇಡು, ಬಿಸಲಿಗೆ ಅರಿವಿ ಸೆಟೀತದ. ಗಡಿಬಿಡಿ ಏನದ?"

ಗಡಿಬಿಡಿ ಏನೆಂದು ನನಗೆ ಗೊತ್ತಿತ್ತು. ತೊಳೆದ ಫಿಲ್ಟರು ಹೀಗೆ ಕಟ್ಟೆಗೆ ಬಂತು, ನಾನು ರಾತ್ರಿಯ ರೊಟ್ಟಿಯನ್ನು ಊಟದ ಮೇಜಿನ ಮೇಲೆ ಬಡಿದೆ. ಆಚೆ ಕೋಣೆಯಲ್ಲಿ ಆಕ್ಸಿಜನ್ ಮಷೀನು ಗೊರಗುಡುತ್ತಿತ್ತು. ಕಾರಿನ ಉಸಿರನ್ನು ಕಳಚಬಹುದು, ತೊಳೆಯಬಹುದು, ಪೇಪರಿನ ಮೇಲೆ ಹರವಿ ಒಣಗುವವರೆಗೆ ಕಾಯಬಹುದು. ಈ ಭಾಗ್ಯಕ್ಕೆ ನಾನು ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದರೆ ನೀವು ನಗಬಾರದು.

ಮರುದಿನ ಅವರ ಕಣ್ಣೆದುರಿಗೇ ಒಂದೊಂದು ನಿರಿಗೆಗೂ ತೆಳುವಾಗಿ ಎಣ್ಣೆಯ ಎಳೆ ಬಿಟ್ಟು, ಅದು ಹರಡುವವರೆಗೆ ಕಾದು, ಫಿಲ್ಟರು ಕೂರಿಸಿ ಕ್ಲಿಪ್ಪು ಒತ್ತಿದೆ. ಲೈಸೆನ್ಸ್ ಇದ್ದೂ ನಮ್ಮ ಓಣಿ ದಾಟಿ ಓಡಿಸಿದವಳಲ್ಲ. ಸೀಟಿನ ಅಂಚಿಗೆ ಕೂತು ಚಾಲೂ ಮಾಡಿದೆ. ಸದ್ದು ಮೊದಲಿಗಿಂತ ತುಸು ಆಳವಾಗಿತ್ತು. ಕಿಟಕಿಯ ಹೊರಗೆ, ಕುರ್ಚಿಯಲ್ಲಿ, ಅವರು ಕಣ್ಣುಮುಚ್ಚಿ ಅದನ್ನು ಆಲಿಸಿದರು.

"ಮುಂದಿನ ಸಲ ತೊಳ್ಯೋದು ಗೊತ್ತಾತಲ್ಲ?"

"ಗೊತ್ತಾತ್ರಿ."

"ಖರೇ ಹೇಳು. ದೀಪಾವಳಿಗೆ ನಾ ಗಾಡಿ ಹೊಡಿತೀನೇನು?"

ಆಗ್ತದ್ರಿ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ಸಲ ಆಡಿ ನುಣುಪಾದ ಮಾತು. ಅವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

"ಇಲ್ರಿ," ಎಂದೆ.

ಎಂಜಿನ್ ಓಡುತ್ತಲೇ ಇತ್ತು. ಅವರು ತಲೆದೂಗಿದರು, ಮೂಗಿನ ನಳಿಗೆಯನ್ನು ಸರಿಮಾಡಿಕೊಂಡರು, ಆಮೇಲೆ ನನ್ನ ಕಾಲಿನ ಕಡೆ ನೋಡಿದರು.

"ಹಂಗಾರ ಸೀಟು ಮುಂದ ಎಳಕೋ. ನಿನ್ನ ಕಾಲು ಕ್ಲಚ್ಚಿಗೆ ಮುಟ್ಟವಲ್ದು."

ಸೀಟಿನ ಕೆಳಗೆ ಕೈಯಾಡಿಸಿ ಸರಳು ಹುಡುಕಿ ಎತ್ತಿದೆ. ಇಷ್ಟು ವರ್ಷ ಅವರ ಉದ್ದ ಕಾಲಿಗೆಂದು ಹಿಂದೆಯೇ ನಿಂತಿದ್ದ ಸೀಟು, ಕಿರುಗುಟ್ಟುತ್ತ ಮುಂದೆ ಬಂತು.