ಅರ್ಧ ಇನ್‌ಶರ್ಟ್

ಜೇವರ್ಗಿಯಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ. ಮೇ ತಿಂಗಳ ಬಿಸಿಲಿಗೆ ಹೆದರಿ ತೆಳು ಹತ್ತಿ ಅಂಗಿ ತೊಟ್ಟು ಹೊರಟರೆ, ಕಾಲೇಜು ಓದುವ ಮಗಳು ಬಾಗಿಲಲ್ಲೇ ಅಡ್ಡ ನಿಂತಳು. "ಅಪ್ಪಾ, ಸಂತಿಗಿ ಹೊಂಟಂಗ ಕಾಣಾಕತ್ತೀ" ಎಂದು ಅಂಗಿಯ ಮುಂಭಾಗವನ್ನಷ್ಟೇ ಪ್ಯಾಂಟಿನೊಳಗೆ ಸೇರಿಸಿ, ಹಿಂಭಾಗವನ್ನು ಹೊರಗೇ ಬಿಟ್ಟಳು. ತೋಳನ್ನು ಮೊಣಕೈವರೆಗೆ ಮಡಚಿದಳು. ಬೂಟಿಗೆ ಕಾಲುಚೀಲ ಬೇಡವಂತೆ. ಈಗ ಇದೇ ನೀಟು ಎಂದು ಅಪ್ಪಣೆಯಾಯಿತು.

ಅಫಜಲಪುರದಿಂದ ಹೊರಟ ಬಸ್ಸಿನಲ್ಲಿ ಸೀಟು ಸಿಗದೆ ನಿಂತಿದ್ದೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಕಿವಿಯ ಹತ್ತಿರ ಬಾಗಿ, "ಸರ್, ಹಿಂದ ಅಂಗಿ ಹೊರಗ ಬಂದದ ನೋಡ್ರಿ" ಎಂದ. ಅದು ಫ್ಯಾಷನ್ ಎಂದೆ. "ಹೌದೇನ್ರಿ" ಎಂದು ಮರುಕದಿಂದ ತಲೆಯಾಡಿಸಿದ.

ಮದುವೆ ಮನೆಯಲ್ಲಿ ಅತ್ತೆ ಯೋಗಕ್ಷೇಮವನ್ನೂ ಕೇಳಲಿಲ್ಲ. ಬೀಗರೆಲ್ಲ ನೋಡುತ್ತಿದ್ದಂತೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಹೊರಗಿದ್ದ ಅಂಗಿಯನ್ನು ಒಳಗೆ ತುರುಕಿದಳು. ಮಡಚಿದ ತೋಳು ಬಿಚ್ಚಿದಳು. "ಕಾಲಚೀಲ ಎಲ್ಲಿ ಬಿಟ್ಟು ಬಂದಿ ತಮ್ಮಾ?" ಎಂದಳು. ನನಗೆ ಐವತ್ತೆರಡು ವರ್ಷ.

ಅಷ್ಟರಲ್ಲಿ ನಮ್ಮ ಕಡೆಯ ಪದ್ಧತಿಯಂತೆ ಹೆಣ್ಣಿನ ಅಪ್ಪ ಬಂದು ನನ್ನ ತಲೆಗೆ ಬಿಳಿ ಟೊಪ್ಪಿಗೆ ಇಟ್ಟು, ಹೆಗಲಿಗೆ ಟವೆಲ್ ಹಾಕಿದ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಮನಷ್ಯಾ ಕಂಡಿ" ಎಂದಳು.

ನಿನ್ನ ಅಲಂಕಾರ ಏನಾಯಿತು ನೋಡು ಎಂದು ಸಿಟ್ಟಿನಲ್ಲಿ ಮಗಳಿಗೆ ಫೋಟೋ ಕಳಿಸಿದೆ. ತಕ್ಷಣ ಉತ್ತರ ಬಂತು: "ಅಪ್ಪಾ, ಟೊಪ್ಪಿಗಿ ಮಸ್ತ್ ಅದ. ಬರೂ ಮುಂದ ನನಗೂ ಒಂದು ತಗೊಂಡ್ ಬಾ."