ಜ್ವರ ಬರಲೆಂದು ಹೊತ್ತ ಹರಕೆ

ಜ್ವರ ಬಿಡಲಿ ಎಂದು ದೇವರಿಗೆ ಹರಕೆ ಹೊರುವವರನ್ನು ಎಲ್ಲರೂ ಕಂಡಿರುತ್ತಾರೆ. ಜ್ವರ ಬರಲಿ ಎಂದು ಹರಕೆ ಹೊತ್ತವರು ಇಡೀ ಮೈಸೂರಿನಲ್ಲಿ ಬಹುಶಃ ನಾವಿಬ್ಬರೇ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು ನಾನು. ಇನ್ನೊಬ್ಬಳು ನನ್ನ ಹೆಂಡತಿ. ಹರಕೆ ಹೊತ್ತವಳು ಅವಳೇ ಆದರೂ ಹೊರುವ ಹಾಗೆ ಮಾಡಿದವನು ನಾನು, ಆದ್ದರಿಂದ ಅದರಲ್ಲಿ ನನಗೂ ಅರ್ಧ ಪಾಲಿದೆ.

ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಾಗ ಅದನ್ನು ಬೀಟ್‌ರೂಟ್ ತಲೆಗೆ ಕಟ್ಟಿದೆ. ಮನೆಯಲ್ಲಿ ಬೀಟ್‌ರೂಟ್ ಪಲ್ಯ ನಿಂತು ಹದಿನೈದು ದಿನವಾದರೂ ಕೆಂಪು ನಿಲ್ಲಲಿಲ್ಲ. ಆಮೇಲೆ ಆಸ್ಪತ್ರೆ, ಸ್ಕ್ಯಾನು, ಮೂತ್ರಕೋಶದ ಕ್ಯಾನ್ಸರ್ ಎಂಬ ಮಾತು. ಗಡ್ಡೆ ಒಳಪದರದಲ್ಲಷ್ಟೇ ಇದೆ, ಆಳಕ್ಕೆ ಇಳಿದಿಲ್ಲ ಎಂದು ಹೇಳಿ ಅದನ್ನು ಕೆರೆದು ತೆಗೆದರು. ಆದರೆ ಈ ಜಾತಿಯದು ಮತ್ತೆ ಚಿಗುರುವ ಸಾಧ್ಯತೆ ಹೆಚ್ಚಂತೆ. ಚಿಗುರಿ ಆಳಕ್ಕೆ ಇಳಿದರೆ ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಮೇಲೆ ಒಂದು ಚೀಲ ಅಂಟಿಸಿ ಮೂತ್ರ ಅದಕ್ಕೆ ಬರುವಂತೆ ಮಾಡಬೇಕಾಗುತ್ತದೆ ಎಂದರು. ಕ್ಯಾನ್ಸರ್ ಅಂದಾಗ ಅಲುಗದ ನಾನು ಚೀಲ ಅಂದಾಗ ಅಲುಗಿಹೋದೆ. ಇಸ್ತ್ರಿ ಮಾಡಿದ ಶರ್ಟು ಒಳಗೆ ಸೇರಿಸಿ ಬೆಲ್ಟು ಕಟ್ಟದೆ ಹಾಲಿನ ಅಂಗಡಿಗೂ ಹೋಗದ ಮನುಷ್ಯ ನಾನು.

“ಚೀಲ ಕಟ್ಕೊಂಡು ಬದುಕೋ ಬದಲು ಹೋಗ್ಬುಡೋದೇ ವಾಸಿ ಕಣೇ,” ಎಂದು ಬಸ್ಸಿನಲ್ಲೇ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಗಡ್ಡೆ ಮರುಕಳಿಸದಿರಲು ವೈದ್ಯೆ ಹೇಳಿದ ಚಿಕಿತ್ಸೆ ಕೇಳಿ ನನಗೆ ನಗು ಬಂತು. ಹುಟ್ಟಿದ ಮಗುವಿನ ತೋಳಿಗೆ ಹಾಕುವ ಬಿಸಿಜಿ ಲಸಿಕೆ ಇದೆಯಲ್ಲ, ಅದನ್ನೇ ಸಣ್ಣ ನಳಿಕೆಯಿಂದ ಮೂತ್ರಕೋಶದೊಳಕ್ಕೆ ಬಿಡುತ್ತಾರಂತೆ, ವಾರಕ್ಕೊಂದರಂತೆ ಆರು ವಾರ.

“ಲಸಿಕೆ ಕಾಯಿಲೆ ಬರೋಕ್ ಮುಂಚೆ ಹಾಕೋದಲ್ವಾ ಮೇಡಂ?”

“ಇದು ಬಂದ್ಮೇಲೆ ಹಾಕೋದು ಸರ್. ಬೀದೀಲಿ ಒಬ್ಬ ಚಿಲ್ಲರೆ ಕಳ್ಳ ಬಂದ ಅಂತ ಕೂಗಿದ್ರೆ ಮನೆಯೋರೆಲ್ಲ ದೊಣ್ಣೆ ಹಿಡ್ಕೊಂಡು ಬರ್ತಾರಲ್ವಾ? ಆಗ ಅಟ್ಟದ ಮೇಲೆ ಅಡಗಿರೋ ದೊಡ್ಡ ಕಳ್ಳನೂ ಸಿಕ್ಕಿಬೀಳ್ತಾನೆ. ಈ ಲಸಿಕೆ ಚಿಲ್ಲರೆ ಕಳ್ಳ. ದೊಣ್ಣೆ ಹಿಡ್ಕೊಂಡು ಬರೋರು ನಿಮ್ ರಕ್ತದಲ್ಲೇ ಇದಾರೆ, ಅವ್ರನ್ನ ಎಬ್ಬಿಸ್ಬೇಕು ಅಷ್ಟೆ.”

ಆಮೇಲೆ ಆಕೆ ನಾಲ್ಕು ಮಾತು ಹೇಳಿದರು. ಕೆಲವರಿಗೆ ಉರಿ, ಚಳಿ, ಸಣ್ಣ ಜ್ವರ ಬರುತ್ತದೆ. ಬಂದರೆ ಮೈ ಎಚ್ಚೆತ್ತಿದೆ ಎಂದು ತಿಳಿಯಬಹುದು. ಬರದಿದ್ದರೆ ಔಷಧ ಕೆಲಸ ಮಾಡುತ್ತಿಲ್ಲ ಎಂದಲ್ಲ. ಜ್ವರ ನೂರಾ ಒಂದು ದಾಟಿದರೆ, ಇಲ್ಲವೇ ಎರಡು ದಿನವಾದರೂ ಇಳಿಯದಿದ್ದರೆ ತಕ್ಷಣ ಫೋನ್ ಮಾಡಬೇಕು, ಏಕೆಂದರೆ ಲಸಿಕೆಯಲ್ಲಿರುವುದು ಜೀವಂತ ಕ್ಷಯದ ಕ್ರಿಮಿ, ಮೆತ್ತಗೆ ಮಾಡಿದ್ದಾದರೂ ಕೈಮೀರಬಹುದು. ಈ ನಾಲ್ಕರಲ್ಲಿ ನಾವಿಬ್ಬರೂ ಎರಡನೆಯದನ್ನು ಮಾತ್ರ ಮನೆಗೆ ತಂದೆವು.

ಪ್ರತಿ ಮಂಗಳವಾರ ಹೋಗುತ್ತಿದ್ದೆ. ಔಷಧ ಒಳಗೆ ಬಿಟ್ಟ ಮೇಲೆ ಎರಡು ಗಂಟೆ ಮೂತ್ರ ಹಿಡಿದುಕೊಂಡು ಮಲಗಬೇಕು. ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು, ಎಡ, ಹೊಟ್ಟೆ, ಬಲ. ಸಿಸ್ಟರ್ ಬಂದು ರೊಟ್ಟಿ ಮಗುಚಿ ಹಾಕುವ ಹಾಗೆ ನನ್ನನ್ನು ಮಗುಚಿ ಹೋಗುತ್ತಿದ್ದರು. ಪಕ್ಕದ ಮಂಚದಲ್ಲಿ ನನ್ನದೇ ವಯಸ್ಸಿನ ಒಬ್ಬರು ಇದೇ ಚಿಕಿತ್ಸೆಗೆ ಬರುತ್ತಿದ್ದರು. “ನಂಗೆ ಮೊದಲ್ನೇ ವಾರಕ್ಕೇ ಜ್ವರ ಬಂದ್ಬುಡ್ತು ಕಣ್ರೀ, ನಿಮ್ಗಿನ್ನೂ ಬಂದಿಲ್ವಾ?” ಎಂದು ಅವರು ಮಗನ ರ‍್ಯಾಂಕು ಹೇಳಿಕೊಳ್ಳುವವರ ಹಾಗೆ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮೂರು ವಾರವಾದರೂ ನನ್ನ ಮೈ ತಣ್ಣಗೇ ಇತ್ತು. ದಿನಕ್ಕೆ ಎಂಟು ಸಲ ಥರ್ಮಾಮೀಟರ್ ಬಾಯಿಗಿಟ್ಟುಕೊಳ್ಳುತ್ತಿದ್ದೆ, ಇಳಿಸಿ ನೋಡಿ ಬೈಯುತ್ತಿದ್ದೆ. ನನ್ನ ರಕ್ತದವರು ಸೋಮಾರಿಗಳು, ಕಳ್ಳ ಬಂದರೂ ಏಳದವರು ಎಂದು ಊಟ ಮಾಡುವಾಗಲೂ ಅದೇ ರಾಗ. ಕೊನೆಗೆ ಅವಳು ತಾಳಲಾರದೆ ದೇವರ ಮುಂದೆ ನಿಂತುಬಿಟ್ಟಳು. “ತಾಯಿ ಚಾಮುಂಡಿ, ಇವ್ರಿಗೆ ಜ್ವರ ಬರ್ಲಿ. ಬಂದ್ರೆ ಮೊದಲ್ನೇ ಮೆಟ್ಲಿಂದ ಕೊನೇ ಮೆಟ್ಲವರ್ಗೂ ಅರಿಶಿನ ಕುಂಕುಮ ಹಚ್ಕೊಂಡು ಬರ್ತೀನಿ.” ಮಂಡಿ ನೋವಿಗೆ ನಮ್ಮ ಲಷ್ಕರ್ ಮೊಹಲ್ಲಾದ ಮನೆಯ ಮಾಳಿಗೆಗೇ ಹತ್ತದವಳು ಅವಳು. ನಾನು ಬೇಡ ಅನ್ನಲಿಲ್ಲ.

ನಾಲ್ಕನೆಯ ವಾರ ಪಕ್ಕದ ಮಂಚ ಖಾಲಿ ಇತ್ತು. ಅವರೆಲ್ಲಿ ಎಂದು ಕೇಳಿದೆ. “ಅವ್ರಿಗೆ ಜ್ವರ ಜಾಸ್ತಿ ಆಯ್ತು, ಲಸಿಕೆ ನಿಲ್ಲಿಸ್ಬಿಟ್ಟಿದೀವಿ,” ಎಂದರು ಸಿಸ್ಟರ್. ಈ ಸುದ್ದಿಯನ್ನು ಹೆಂಡತಿಗೆ ಹೇಳಲಿಲ್ಲ.

ಐದನೆಯ ಮಂಗಳವಾರ ಸಂಜೆ ಕಾಫಿ ಲೋಟ ಹಿಡಿದ ಕೈ ನಡುಗಿತು. ನೂರು! ಅವಳ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಶಾವಿಗೆ ಪಾಯಸ ಮಾಡಿದಳು. ನಾನು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತ ಎರಡು ಬಟ್ಟಲು ಕುಡಿದೆ. ಮನೆಯಲ್ಲಿ ಮಾತ್ರೆ ಇತ್ತು, ಆದರೆ ಬೇಡಿಕೊಂಡು ಕರೆಸಿದ ಅತಿಥಿಯನ್ನು ಯಾರಾದರೂ ಕತ್ತು ಹಿಡಿದು ನೂಕುತ್ತಾರೆಯೇ? ಬುಧವಾರವೂ ನೂರು. ಅವಳು ಅಂಗಡಿಗೆ ಹೋಗಿ ಅರಿಶಿನ, ಕುಂಕುಮ ತಂದು ಎರಡು ದೊಡ್ಡ ಡಬ್ಬಿಗೆ ತುಂಬಿಸಿ, ಶುಕ್ರವಾರ ಬೆಟ್ಟ ಎಂದಳು.

ಗುರುವಾರ ಸಂಜೆ ನೂರಾ ಎರಡೂವರೆ. ಅಡುಗೆಮನೆಯಿಂದ ಅವಳು ಕೂಗಿದಳು, “ಎಷ್ಟಿದೆ ರೀ?”

“ನೂರೇ ಕಣೇ,” ಎಂದೆ.

ಆ ಸುಳ್ಳನ್ನು ಯಾಕೆ ಹೇಳಿದೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಬಾಯ್ಲರಿನ ಮೀಟರಿನಲ್ಲಿ ಮುಳ್ಳು ಒಂದು ಗೆರೆ ಮೇಲೆ ಹೋದರೂ ಓಡಿಹೋಗಿ ವಾಲ್ವು ತೆಗೆಯುತ್ತಿದ್ದವನು ನಾನು. ಕೊಟ್ಟ ವರ ಹೆಚ್ಚಾಯಿತು ಎಂದು ತಾಯಿಯ ಮುಂದೆ ಗೊಣಗಬಾರದು ಎಂದು ಕೆಲವರಿಗೆ ಹೇಳಿದೆ. ಅದು ನೆಪ. ಫೋನ್ ಮಾಡಿದರೆ ಲಸಿಕೆ ನಿಲ್ಲಿಸುತ್ತಾರೆ, ಲಸಿಕೆ ನಿಂತರೆ ಚೀಲ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹೆದರಿಕೊಂಡಿದ್ದೆ.

ಶುಕ್ರವಾರ ಬೆಳಕು ಹರಿಯುವ ಮುಂಚೆ ಅವಳು ಹೊರಟಳು. ಹಣೆ ಮುಟ್ಟಲು ಬಂದಾಗ ನಿದ್ದೆ ಬಂದವನ ಹಾಗೆ ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ, ಹಚ್ಚಿ, ಎದ್ದು, ಮತ್ತೆ ಬಗ್ಗಿ, ಅವಳು ಮೇಲೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತಂತೆ. ನಡುದಾರಿಯಲ್ಲಿ ನಂದಿಯ ಹತ್ತಿರ ಕೂತು ಮಂಡಿ ಒತ್ತಿಕೊಳ್ಳುವಾಗ ಯಾರೋ ಹೆಂಗಸು, “ಏನ್ ಹರಕೆ ಅಮ್ಮ?” ಎಂದು ಕೇಳಿದರಂತೆ. “ನಮ್ ಯಜಮಾನ್ರಿಗೆ ಜ್ವರ ಬಂತು, ಅದಕ್ಕೆ,” ಎಂದು ಇವಳು ನಗುನಗುತ್ತ ಹೇಳಿದಳಂತೆ. ಆ ಹೆಂಗಸು ಮೆಲ್ಲಗೆ ಎದ್ದು ದೂರ ಹೋಗಿ ಕೂತರಂತೆ.

ಅವಳು ಪ್ರಸಾದ ಹಿಡಿದು ಮನೆಗೆ ಬಂದಾಗ ನಾನು ನೆಲದ ಮೇಲಿದ್ದೆ. ಬಚ್ಚಲಿಗೆ ಹೋಗಲು ಎದ್ದವನು ಬಾಗಿಲವರೆಗೂ ತಲುಪಿರಲಿಲ್ಲ. ಅವಳೇ ಥರ್ಮಾಮೀಟರ್ ಇಟ್ಟಳು. ನೂರಾ ನಾಲ್ಕು. ಆ ಥರ್ಮಾಮೀಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹಿಂದಿನ ಲೆಕ್ಕವೂ ಕಾಣುತ್ತದೆ, ಅದನ್ನೂ ಒತ್ತಿದಳು. ನನ್ನನ್ನೊಮ್ಮೆ ನೋಡಿದಳು. ಪಕ್ಕದ ಮನೆಯವರನ್ನು ಕರೆದು ಆಟೋ ತರಿಸಿ, ಮಣಿಕಟ್ಟಿನವರೆಗೂ ಅರಿಶಿನ ಅಂಟಿದ್ದ ಕೈಯಲ್ಲೇ ನನ್ನ ತಲೆಯನ್ನು ಭುಜಕ್ಕೆ ಒತ್ತಿ ಹಿಡಿದುಕೊಂಡು ಆಸ್ಪತ್ರೆಗೆ ಕರೆದೊಯ್ದಳು.

ವೈದ್ಯೆ ಕೆಂಡವಾದರು. ಕ್ರಿಮಿ ಮೂತ್ರಕೋಶ ದಾಟಿ ರಕ್ತಕ್ಕೆ ನುಗ್ಗಿದೆ ಎಂಬ ಅನುಮಾನ, ಅದಕ್ಕೆ ಆ ದಿನವೇ ಕ್ಷಯದ ಮಾತ್ರೆ ಶುರು. “ಗುರುವಾರ ಸಂಜೆ ಫೋನ್ ಮಾಡಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ ಸರ್. ಇನ್ನು ಈ ಲಸಿಕೆ ನಿಮ್ಗೆ ಯಾವತ್ತೂ ಕೊಡೋ ಹಾಗಿಲ್ಲ. ಮೂರು ತಿಂಗಳಾದ್ಮೇಲೆ ಒಳಗೆ ನೋಡೋಣ. ಏನಾದ್ರೂ ಕಂಡ್ರೆ ಉಳಿಯೋದು ಆಪರೇಷನ್ ಒಂದೇ.” ಯಾವುದಕ್ಕೆ ಹೆದರಿ ಸುಳ್ಳು ಹೇಳಿದೆನೋ ಅದನ್ನು ನನ್ನ ಕೈಯಾರೆ ಮನೆ ಬಾಗಿಲಿಗೆ ಕರೆತಂದಿದ್ದೆ.

ಬದುಕಿಕೊಂಡೆ. ಎಂಟು ದಿನಕ್ಕೆ ಜ್ವರ ಇಳಿಯಿತು, ತಿಂಗಳಿಗೆ ನಾಲಿಗೆಗೆ ರುಚಿ ಬಂತು. ಹೆಂಡತಿ ಹೊತ್ತುಹೊತ್ತಿಗೆ ಮಾತ್ರೆ, ಗಂಜಿ, ಬಿಸಿನೀರು ಎಲ್ಲ ಕೊಟ್ಟಳು. ಗುರುವಾರದ ಸಂಜೆಯ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಬೈಗುಳಕ್ಕೆ ನಾನು ಅಷ್ಟು ಕಾತರಿಸಿದ್ದು ಅದೇ ಮೊದಲು.

ಮೂರು ತಿಂಗಳ ಮೇಲೆ ಕ್ಯಾಮೆರಾ ಇರುವ ನಳಿಕೆ ಒಳಗೆ ಬಿಟ್ಟು ನೋಡಿದರು. ನನಗೂ ಕಾಣುವ ಹಾಗೆ ಪರದೆ ಇತ್ತು. ನಾನು ಅಷ್ಟೆಲ್ಲ ಶಾಪ ಹಾಕಿದ ಜಾಗ ತೆಳುಗುಲಾಬಿ ಬಣ್ಣಕ್ಕೆ ನುಣ್ಣಗಿತ್ತು, ಕೆರೆದಿದ್ದ ಕಡೆ ಮಾತ್ರ ಬೆಳ್ಳನೆಯ ಕಲೆ. ವೈದ್ಯೆ ಮೂಲೆಮೂಲೆ ತಿರುಗಿಸಿ ನೋಡಿದರು. ಪರೀಕ್ಷೆಗೆಂದು ಒಳಗಿಂದ ತೆಗೆದ ಮಾದರಿಯ ವರದಿಯೂ ವಾರದೊಳಗೆ ಬಂತು.

“ಏನೂ ಇಲ್ಲ ಸರ್. ಐದಕ್ಕೇ ನಿಮ್ ಮೈ ಚೆನ್ನಾಗಿ ಕಲ್ತ್ಕೊಂಡಿದೆ ಅನ್ಸುತ್ತೆ. ಮೂರು ತಿಂಗಳಿಗೊಂದ್ಸಲ ನೋಡ್ತಾ ಇರೋಣ.”

ಸೋಮಾರಿಗಳೆಂದು ನಾನು ಬೈದಿದ್ದ ನನ್ನ ರಕ್ತದವರೇ ಕೆಲಸ ಮುಗಿಸಿದ್ದರು. ಮೂರು ವಾರ ಜ್ವರವಿಲ್ಲದೆ ತಣ್ಣಗಿದ್ದಾಗಲೂ ಅವರು ಸುಮ್ಮನಿರಲಿಲ್ಲವೇನೋ. ಇವತ್ತಿಗೂ ಆ ಮೈಯ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ನಂಬಿಕೆ ಇಲ್ಲದ್ದು ನನ್ನ ಬಾಯಿಯ ಮೇಲೆ.

ವರದಿ ಹಿಡಿದು ಹೊರಗೆ ಬಂದೆ. ಅವಳು ಬೆಂಚಿನ ಮೇಲೆ ಕೂತಿದ್ದಳು. “ಚೀಲ ತಪ್ತು ಕಣೇ!” ಎಂದೆ, ಇಡೀ ಕಾರಿಡಾರಿಗೆ ಕೇಳುವ ಹಾಗೆ.

ಅವಳು ನಗಲಿಲ್ಲ. ಕಾಗದ ತೆಗೆದುಕೊಂಡು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ, ಮೂರು ತಿಂಗಳಿಂದ ಹಿಡಿದಿಟ್ಟಿದ್ದ ಅಳುವೆಲ್ಲ ಒಟ್ಟಿಗೆ ಬಂತು.

“ಚೀಲದ ಜೊತೆ ಸಂಸಾರ ಮಾಡ್ತಿದ್ದೆ ಕಣ್ರೀ, ನಿಮ್ ಫೋಟೋ ಜೊತೆ ಹೆಂಗ್ರೀ ಮಾಡ್ಲಿ?”