ತಿರುವಿ ಕೂಡಿಸಿದ ಗಾಜು

1984ರಲ್ಲಿ ನಾನು ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಗಡಿಯಾರ ಮತ್ತು ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ವಯಸ್ಸು ಇಪ್ಪತ್ಮೂರು. ಬಂದ ಪ್ರತಿಯೊಂದು ಕೆಲಸವನ್ನೂ ಕ್ರಮಸಂಖ್ಯೆ, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ರೂಢಿ. ಆ ಮಾರ್ಚ್ ಹೊತ್ತಿಗೆ ಗಡಿಯಾರಗಳು 212, ಕ್ಯಾಮೆರಾಗಳು 18 ಆಗಿದ್ದವು. ಹತ್ತೊಂಬತ್ತನೆಯ ಕ್ಯಾಮೆರಾ ಹಾಲಪ್ಪನವರದು.

ಹಾಲಪ್ಪನವರು ಹಗರಿಬೊಮ್ಮನಹಳ್ಳಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಐವತ್ತಾರು ವರ್ಷ. ಅವರದು ಎರಡು ಲೆನ್ಸಿನ ಹಳೆಯ ಕ್ಯಾಮೆರಾ. ಕೆಳಗಿನ ಲೆನ್ಸ್ ಫಿಲ್ಮಿಗೆ, ಮೇಲಿನದು ನೋಡುವುದಕ್ಕೆ. ಮೇಲಿನ ಲೆನ್ಸಿನ ಬಿಂಬ ಒಳಗಿನ ಕನ್ನಡಿಗೆ ಬಿದ್ದು, ಕ್ಯಾಮೆರಾದ ನೆತ್ತಿಯಲ್ಲಿರುವ ಒಂದು ಮಸುಕು ಗಾಜಿನ ಮೇಲೆ ಮೂಡುತ್ತದೆ. ಅದೇ ಫೋಕಸಿಂಗ್ ಸ್ಕ್ರೀನ್. ಫೋಟೋಗ್ರಾಫರ್ ತಲೆ ಬಗ್ಗಿಸಿ ಅದರಲ್ಲಿ ಮುಖ ಸ್ಪಷ್ಟವಾಗುವವರೆಗೆ ಗುಬುಟು ತಿರುಗಿಸುತ್ತಾನೆ.

"ಮನಿ ಒಳಗ ಫೋಟೋ ತೆಗಿಬೇಕಂದ್ರ ಬಾವ್ಯಾಗ ಇಣುಕಿದಂಗ ಆಗ್ತೈತಿ ನೋಡಪ್ಪ. ನಡುವ ಮೂಗು ಕಾಣ್ತೈತಿ, ಕಿವಿ ಎಲ್ಲಿ ಅದಾವ ಗೊತ್ತಾಗಂಗಿಲ್ಲ" ಎಂದರು.

ದಾವಣಗೆರೆಯಿಂದ ತಂದ ಒಂದು ಕೆಟ್ಟ ಕ್ಯಾಮೆರಾದಲ್ಲಿ ಒಳ್ಳೆಯ ಸ್ಕ್ರೀನ್ ಇತ್ತು. ಒಂದು ಮುಖ ನುಣುಪು. ಇನ್ನೊಂದು ಒರಟು, ಅದರಲ್ಲಿ ಗ್ರಾಮಫೋನ್ ತಟ್ಟೆಯಂತೆ ಸೂಕ್ಷ್ಮ ವೃತ್ತದ ಗೆರೆಗಳು. ಆ ಗೆರೆಗಳು ಅಂಚಿನ ಬೆಳಕನ್ನು ಕಣ್ಣಿನ ಕಡೆಗೆ ಬಾಗಿಸುತ್ತವೆ. ಮಾರ್ಚ್ 12ರಂದು ಅದನ್ನು ಅಳತೆಗೆ ತಿಕ್ಕಿ ಕೂಡಿಸಿದೆ. ನಮ್ಮ ಸೀಮೆಯ ಕೆಂಪು ಧೂಳು ಎಂತಹ ಗಡಿಯಾರವನ್ನೂ ಬಿಡುವುದಿಲ್ಲ. ಒರಟು ಮುಖ ಕೆಳಗಾದರೆ ಗೆರೆಗಳಲ್ಲಿ ಕೂತ ಧೂಳು ತೆಗೆಯಲು ಕ್ಯಾಮೆರಾ ಬಿಚ್ಚಬೇಕು. ಮೇಲಾದರೆ ಊದಿದರೆ ಸಾಕು. ಹಾಗೆಂದು ಒರಟು ಮುಖವನ್ನು ಮೇಲಿಟ್ಟು, ಈ ಜಾಣತನವನ್ನು ನೋಟ್‌ಬುಕ್ಕಿನಲ್ಲೂ ಬರೆದುಕೊಂಡೆ.

ಹಾಲಪ್ಪನವರು ಬಗ್ಗಿ ನೋಡಿ, ನೆಟ್ಟಗಾಗಿ, ಮತ್ತೆ ಬಗ್ಗಿದರು. "ಲೇ, ಮೂಲ್ಯಾಗಿನ ಜೇಡ ಸುದ್ದಾ ಕಾಣ್ತೈತಲ್ಲೋ. ಅಂಗಡಿ ಕಸ ಹೊಡಿಯೋದು ಕಲಿ ಮದ್ಲು."

ಏಪ್ರಿಲ್ 9ರ ಬೆಳಿಗ್ಗೆ ಅವರು ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಇದಕ್ಕ ಯಾರರ ಗಿರಾಕಿ ನೋಡಪ್ಪ. ನಾನು ಸಾಕು ಮಾಡೀನಿ."

"ಯಾಕ್ರಿ, ಏನಾತು?"

"ಕಣ್ಣು ಹೋಗ್ಯಾವ. ಮೂರು ರೀಲ್ ತೆಗೆದೆ, ಒಂದು ಮುಖನೂ ನೆಟ್ಟಗ ಬಂದಿಲ್ಲ. ನಿನ್ನೆ ಮದಿವಿಯವರು ಬಂದಿದ್ರು, ಬ್ಯಾರೆ ಕಡೆ ಹೋಗ್ರಿ ಅಂತ ಕಳಿಸೀನಿ. ಗಾಜಿನ್ಯಾಗ ಚೊಲೋ ಕಾಣ್ತೈತಿ, ಫಿಲ್ಮಿನ್ಯಾಗ ಇರಂಗಿಲ್ಲ. ಅಂದ್ರ ತಪ್ಪು ನನ್ನ ಕಣ್ಣಿಂದ ಅಲ್ಲೇನು?"

ಮೂರು ರೀಲಿಗೆ ಮೂವತ್ತಾರು ನೆಗೆಟಿವ್. ಒಂದೊಂದನ್ನೇ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕೋಗಳಿಯ ಶಾಲೆಯ ಗ್ರೂಪ್ ಫೋಟೋ ಒಂದಿತ್ತು. ಹರಪನಹಳ್ಳಿಗೆ ವರ್ಗವಾದ ಮಾಸ್ತರರೊಬ್ಬರ ಬೀಳ್ಕೊಡುಗೆಯದು. ಬೇವಿನ ಮರದ ಕೆಳಗೆ ಕೂತವರ ಮುಖಗಳು ಮಸಿ ಬಳಿದಂತೆ ಕಲಸಿಹೋಗಿದ್ದವು. ಮೈದಾನದ ಆಚೆಯ ಶಾಲೆಯ ಹಂಚುಗಳನ್ನು ಎಣಿಸಬಹುದಾಗಿತ್ತು. ಮನೆಯೊಳಗೆ ತೆಗೆದವುಗಳಲ್ಲೂ ಹಿಂದಿನದೇ ಹೆಚ್ಚು ಸ್ಪಷ್ಟ. ಕಣ್ಣು ಮಂಜಾದವನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಪ್ಪುತ್ತಾನೆ. ಇಲ್ಲಿ ಮೂವತ್ತಾರೂ ಒಂದೇ ಕಡೆಗೆ ತಪ್ಪಿದ್ದವು.

ಕ್ಯಾಮೆರಾದ ಹಿಂಬಾಗಿಲು ತೆರೆದು, ಫಿಲ್ಮಿಗೆ ಬೀಳುವ ಬಿಂಬ ಕಣ್ಣಿಗೆ ಕಾಣಲೆಂದು ಫಿಲ್ಮ್ ಇರುವ ಜಾಗಕ್ಕೆ ತೆಳು ಬಟರ್ ಪೇಪರ್ ಅಂಟಿಸಿ, ಲೆನ್ಸ್ ತೆರೆದಿಟ್ಟೆ. ಹಾಲಪ್ಪನವರ ಕೈಗೆ ದಿನಪತ್ರಿಕೆ ಕೊಟ್ಟು ಹತ್ತು ಅಡಿ ದೂರದಲ್ಲಿ ನಿಲ್ಲಿಸಿ, ಮೇಲಿನ ಗಾಜಿನಲ್ಲಿ ಅಕ್ಷರಗಳನ್ನು ಸ್ಪಷ್ಟ ಮಾಡಿದೆ. ಬಟರ್ ಪೇಪರ್ ಮೇಲೆ ಅವು ಮಸುಕಾಗಿದ್ದವು.

"ಸ್ವಲ್ಪ ಹಿಂದಕ್ಕ ಹೋಗ್ರಿ."

ಅವರು ಬಾಗಿಲು ದಾಟಿದರು. ಮತ್ತೂ ಹಿಂದೆ ಸರಿಯಲು ಹೇಳಿದೆ.

"ಇನ್ನ ಎಷ್ಟು ಹೋಗ್ಲೋ? ಟಾಂಗಾ ಬಂತು."

ಅವರು ರಸ್ತೆಯಲ್ಲಿ ನಿಂತಾಗ ಬಟರ್ ಪೇಪರ್ ಮೇಲೆ ಅಕ್ಷರಗಳು ಮೂಡಿದವು. ಆಮೇಲೆ ಟೇಪು ಹಿಡಿದು ನೋಡಿದರೆ ಇಪ್ಪತ್ತೊಂದು ಅಡಿ.

ಆಗ ಅರ್ಥವಾಯಿತು. ಬಿಂಬ ಮೂಡುವುದು ಒರಟು ಮುಖದ ಮೇಲೆ. ಅದನ್ನು ನಾನು ಮೇಲಿಟ್ಟದ್ದರಿಂದ ಗಾಜಿನ ದಪ್ಪದಷ್ಟು, ಒಂದೂವರೆ ಮಿಲಿಮೀಟರ್, ಜಾಗ ತಪ್ಪಿತ್ತು. ಆ ಮನುಷ್ಯನ ಕಣ್ಣು ಗಾಜಿನಲ್ಲಿ ಕಂಡದ್ದನ್ನು ಪ್ರತಿಸಲವೂ ಸರಿಯಾಗಿಯೇ ಹಿಡಿದಿತ್ತು.

ನಾಲ್ಕೇ ಸ್ಕ್ರೂ. ಅವರನ್ನು ಚಹಾಕ್ಕೆ ಕಳಿಸಿ ಗಾಜು ತಿರುವಿಟ್ಟು, 'ಸರಿ ಮಾಡೀನಿ' ಎಂದರೆ ಮುಗಿಯುತ್ತಿತ್ತು. ಆದರೆ ಅವರು ರಸ್ತೆಯಲ್ಲೇ ಪತ್ರಿಕೆ ಎತ್ತಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದರು. ಒಳಗೆ ಕರೆದು ಹೇಳಿದೆ. "ನಿಮ್ಮ ಕಣ್ಣು ನೆಟ್ಟಗ ಅದಾವ್ರಿ. ಗಾಜು ತಿರುವಿ ಕೂಡಿಸಿದ್ದು ನಾನು."

ಅವರು ಸ್ಟೂಲಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೈಗುಳಕ್ಕೆ ಕಾದೆ.

"ಎಂಟು ದಿನ ನಿದ್ದಿ ಮಾಡಿಲ್ಲಲೇ ನಾನು" ಎಂದರು, ಅಷ್ಟೇ.

ಗಾಜು ತಿರುವಿ, ಬಟರ್ ಪೇಪರಿನಲ್ಲಿ ಮೂರು ಬೇರೆ ಬೇರೆ ದೂರಗಳಿಗೆ ನೋಡಿ, ಅಂದೇ ಅವರ ಜೊತೆ ಬಸ್ ಹತ್ತಿದೆ. ಮೊದಲು ಹೋದದ್ದು ಮದುವೆಯವರ ಮನೆಗೆ. ಅವರು ಇನ್ನೂ ಬೇರೆಯವರನ್ನು ಗೊತ್ತು ಮಾಡಿರಲಿಲ್ಲ. ಮುಂದಿನ ಎರಡು ವಾರಗಳಲ್ಲಿ ಮೂವತ್ತೈದು ಫೋಟೋಗಳನ್ನು ಮತ್ತೆ ತೆಗೆದೆವು. ಉಳಿದ ಒಂದು ಶಾಲೆಯದು. ಮಾಸ್ತರರು ಆಗಲೇ ಊರು ಬಿಟ್ಟಿದ್ದರು. ಕೋಗಳಿಯಲ್ಲಿ ಹೆಡ್‌ಮಾಸ್ತರರು ಇದು ಯಾರ ತಪ್ಪು ಎಂದು ಕೇಳಿದರು.

"ನಂದ್ರಿ. ಬೆಳಕು ನೋಡಿ ಹಿಗ್ಗಿದೆ, ಒಂದು ರೀಲ್ ಹಾಕಿ ಪರೀಕ್ಷೆ ಮಾಡಲಿಲ್ಲ" ಎಂದರು ಹಾಲಪ್ಪನವರು.

ನಾನು ಮುಂದೆ ಬಂದು, ಗಾಜು ಕೂಡಿಸಿದವನು ನಾನು ಎಂದೆ. ಹೆಡ್‌ಮಾಸ್ತರರು ಇಬ್ಬರನ್ನೂ ನೋಡಿ ಹಾಜರಿ ಪುಸ್ತಕಕ್ಕೆ ತಿರುಗಿದರು.

ಬಸ್ಸಿಗೆ ಕಾಯುವಾಗ ಹಾಲಪ್ಪನವರು ಬೈದರು. "ನಡುವ ಯಾಕ ಬಾಯಿ ಹಾಕಿದ್ಯೋ? ಒಬ್ಬನ ತಪ್ಪು ಕೇಳಾಕ ಅವರಿಗೆ ಪುರುಸೊತ್ತಿಲ್ಲ, ಇಬ್ಬರದು ಯಾರು ಕೇಳ್ತಾರ?"

ಇದು ನಡೆದು ಐದು ವರ್ಷವಾಯಿತು. ಕ್ಯಾಮೆರಾಗಳ ಸಂಖ್ಯೆ 64ಕ್ಕೆ ಬಂದಿದೆ. ಬಟರ್ ಪೇಪರ್ ಇಟ್ಟು ನೋಡದೆ ಒಂದನ್ನೂ ಹೊರಗೆ ಕೊಟ್ಟಿಲ್ಲ. ಈ ಕೆಲಸದಲ್ಲಿ ಗಿರಾಕಿ ನಮ್ಮ ಕೈಯನ್ನು ಎಷ್ಟು ನಂಬುತ್ತಾನೆಂದರೆ, ಅದು ತಪ್ಪಿದಾಗ ಅವನು ತನ್ನ ಕಣ್ಣನ್ನೇ ಅನುಮಾನಿಸುತ್ತಾನೆ. ಕೊನೆಯ ಸ್ಕ್ರೂ ಬಿಗಿಯುವ ಮೊದಲು ಇದನ್ನೊಮ್ಮೆ ನೆನೆಯುತ್ತೇನೆ.